ಸತ್ತವನ ಪಾಲಿನ ನೀರು

"ಹುಟ್ಟು ಮೇಲಕ್ಕೆ ಎತ್ತು ನಸೀಬಾ. ಸದ್ದಾಗ್ಬಾರ್ದು."

ಇಷ್ಟು ಹೇಳಿ ವಾರಿಜಾಕ್ಷಿ ದೋಣಿಯ ಅಂಚನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು. ಮೆಲ್ಕಾರಿನಲ್ಲಿ ಹುಟ್ಟಿ, ನೇತ್ರಾವತಿಯ ಗಾಳಿ ಕುಡಿದು ಬೆಳೆದ ಹೆಂಗಸಿಗೆ ನೀರೆಂದರೆ ಭಯ ಎಂದರೆ ಯಾರು ನಂಬುತ್ತಾರೆ? ಅವಳೂ ಯಾರಿಗೂ ಹೇಳಿರಲಿಲ್ಲ. ಪೊಲೀಸು ಕೆಲಸದಲ್ಲಿದ್ದಾಗ ಕತ್ತಿ ಬೀಸಿದವನ ಕೈ ತಿರುಚಿದವಳು. ಈಗ ಆ ಕೆಲಸ ಬಿಟ್ಟು ವಕೀಲರಿಗೆ ತನಿಖೆ ಮಾಡಿಕೊಡುತ್ತಾಳೆ. ಅಂಥವಳು ಬೆಳಗಿನ ಚಳಿಯಲ್ಲಿ, ಅಲುಗಾಡದೆ ನಿಂತ ದೋಣಿಯಲ್ಲಿ ಕೂತು ಬೆವರುತ್ತಿದ್ದಳು.

ಶಾಂತಿರಾಜರ ಹೆಣ ಕೆಳಗಿನ ಅಣೆಕಟ್ಟೆಯಲ್ಲಿ ಸಿಕ್ಕಿ ಎರಡು ತಿಂಗಳಾಗಿತ್ತು. ಕೊಂದವನೆಂದು ಜೈಲು ಸೇರಿದ್ದವನು ಈ ದೋಣಿಯ ಯಜಮಾನ, ನಸೀಬಾಳ ತಂದೆ ಅಬ್ದುಲ್ ರಹಿಮಾನ್.

ಮಂಜು ಹೊಳೆಯ ಮೇಲೆ ಇನ್ನೂ ಮಲಗಿತ್ತು. ಬಂಟ್ವಾಳ ಪೇಟೆಯ ಬೆನ್ನು ಅದರೊಳಗಿಂದ ಸ್ವಲ್ಪಸ್ವಲ್ಪವೇ ಕಾಣಿಸುತ್ತಿತ್ತು. ರಸ್ತೆಯಿಂದ ನೋಡಿದರೆ ಪೇಟೆ ಎಂದರೆ ಮೊಬೈಲ್ ಅಂಗಡಿ, ಮೆಡಿಕಲ್ಲು, ಬೇಕರಿ. ಹೊಳೆಯಿಂದ ನೋಡಿದರೆ ಬೇರೆಯೇ ಊರು: ಪಾಚಿ ಹಿಡಿದ ಮುರಕಲ್ಲಿನ ಗೋಡೆಗಳು, ಬಾಗಿಲು ಮುಚ್ಚಿದ ಗುದಾಮುಗಳು, ನೀರಿಗೆ ಇಳಿಯುವ ಮೆಟ್ಟಿಲುಗಳು. ಒಂದು ಕಾಲದಲ್ಲಿ ಆ ಒಂದೊಂದು ಮೆಟ್ಟಿಲ ಸಾಲೂ ಒಂದೊಂದು ದಕ್ಕೆ, ದೋಣಿ ತಂಗುವ ಕಟ್ಟೆ. ಅಕ್ಕಿ, ಅಡಿಕೆ, ಕಾಳುಮೆಣಸು ಇಲ್ಲಿಂದ ದೋಣಿ ಹತ್ತಿ ಮಂಗಳೂರಿಗೆ ಇಳಿಯುತ್ತಿದ್ದವು. ಉಪ್ಪು, ಒಣಮೀನು, ಚಿಮಿಣಿ ಎಣ್ಣೆ ಹತ್ತಿ ಬರುತ್ತಿದ್ದವು. ಹಂಚಿನ ಕಾರ್ಖಾನೆಗಳಿಗೆ ಜೇಡಿಮಣ್ಣು ಹೋದದ್ದೂ ಈ ನೀರಿನ ಮೇಲೆಯೇ.

"ಮಂಗಳೂರಿಗೆ ಹೆಸರು ಕೊಟ್ಟದ್ದು ಸಮುದ್ರ, ಅನ್ನ ಕೊಟ್ಟದ್ದು ಹೊಳೆ" ಎಂದು ಶಾಂತಿರಾಜರು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರಂತೆ. ಕೇಳಿ ಕೇಳಿ ಪೇಟೆಯವರಿಗೆ ಸಾಕಾಗಿತ್ತು. ಸೇತುವೆಗಳಾದವು, ಲಾರಿಗಳು ಬಂದವು, ದೋಣಿಗಳು ಹೋದವು. ಈಗ ಆ ನಗರಕ್ಕೆ ಹೊಳೆಯ ನೆನಪಾಗುವುದು ನಲ್ಲಿ ಒಣಗಿದಾಗ ಮಾತ್ರ. ಹೆಣ ತೇಲಿದ್ದೂ ಆ ನಲ್ಲಿಗಳಿಗೆ ನೀರು ಕಳಿಸುವ ಅಣೆಕಟ್ಟೆಯಲ್ಲೇ. ಆ ವಾರ ಮಂಗಳೂರಿನಲ್ಲಿ ಬಾಟಲಿ ನೀರಿಗೆ ಬರ ಬಂದಿತ್ತಂತೆ.

"ಅಕ್ಕ, ಅದೇ ಶಾಂತಿರಾಜ ಧಣಿಗಳ ದಕ್ಕೆ" ಎಂದಳು ನಸೀಬಾ ಪಿಸುದನಿಯಲ್ಲಿ. "ಬಾಪ ಅವ್ರನ್ನು ಹತ್ತಿಸಿಕೊಂಡದ್ದು ಅಲ್ಲಿಂದ. ಆಚೆ ದಡದಲ್ಲಿ ಇಳಿಸಿ ಬಂದೆ ಅಂತ ಎಷ್ಟು ಸಲ ಹೇಳಿದ್ರೂ ಯಾರೂ ಕೇಳ್ಲಿಲ್ಲ."

"ಯಾಕೆ ಕೇಳ್ಲಿಲ್ಲ ಗೊತ್ತುಂಟಾ? ಹಿಂದಿನ ದಿನ ನಿನ್ನ ಬಾಪ ಇದೇ ಮೆಟ್ಟಿಲ ಮೇಲೆ ನಿಂತು, ಇನ್ನೊಮ್ಮೆ ನನ್ನ ದೋಣಿಗೆ ಹತ್ತಿದ್ರೆ ಹೊಳೆಗೆ ಹಾಕ್ತೇನೆ ಅಂತ ಕಿರುಚಿದ್ದು ಇಡೀ ಪೇಟೆ ಕೇಳಿದೆ."

"ಅದು ದಕ್ಕೆಗೆ ಗೇಟು ಹಾಕ್ತೇನೆ ಅಂತ ಧಣಿ ಹೇಳಿದ್ದಕ್ಕೆ. ಬಾಪನಿಗೆ ಬಾಯಿ ಮಾತ್ರ ಅಕ್ಕ. ಮರುದಿನ ಧಣಿ ಬಂದು ನಿಂತಾಗ ಏನೂ ಆಗದವರ ಹಾಗೆ ದಾಟಿಸಿದ್ರು."

ಹುಡುಗಿ ಹುಟ್ಟನ್ನು ಮಡಿಲಿಗೆ ಎಳೆದುಕೊಂಡಳು. ಅಪ್ಪ ಒಳಗೆ ಹೋದ ಮೇಲೆ ಕಾಲೇಜು ಬಿಟ್ಟು ಹುಟ್ಟು ಹಿಡಿದವಳು ಅವಳು. ಜೈಲಿನಲ್ಲಿ ರಹಿಮಾನಿಗೆ ಕೆಮ್ಮು ಹತ್ತಿತ್ತು. ಕಳೆದ ಭೇಟಿಯಲ್ಲಿ ಕರವಸ್ತ್ರದಲ್ಲಿ ರಕ್ತ ಕಂಡಿತ್ತು. ನಾಳೆ ಜಾಮೀನು ಅರ್ಜಿ ಎರಡನೆಯ ಸಲ ಬರುವುದಿತ್ತು. ಹೊಸದಾಗಿ ಹೇಳಲು ಏನಾದರೂ ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಇಲ್ಲ ಎಂದು ವಕೀಲರು ಕಡ್ಡಿ ಮುರಿದಂತೆ ಹೇಳಿದ್ದರು.

ಧಣಿ ಕೊನೆಯ ಸಲ ಕಂಡ ಜಾಗವನ್ನು ಮನೆಯವರಿಗೆ ತಿಳಿಯದಂತೆ ಹೊಳೆಯಿಂದ ನೋಡಬೇಕೆಂದೇ ವಾರಿಜಾಕ್ಷಿ ಬಂದಿದ್ದಳು. ಅವಳ ಕಣ್ಣು ದಕ್ಕೆಯ ಮೇಲಿತ್ತು.

ಮಂಜಿನೊಳಗೆ, ಕೊನೆಯ ಮೆಟ್ಟಿಲಲ್ಲಿ, ಬಿಳಿ ಸೀರೆಯ ಹೆಂಗಸೊಬ್ಬಳು ಕೂತಿದ್ದಳು.

ನಸೀಬಾಳ ಬಾಯಿಯಲ್ಲಿ ದೇವರ ಹೆಸರು ಬಂತು. ತಪ್ಪೇನಿಲ್ಲ. ಎರಡು ತಿಂಗಳಿಂದ ಈ ದಕ್ಕೆಯ ಹತ್ತಿರ ಸಂಜೆಯ ಮೇಲೆ ಯಾರೂ ದೋಣಿ ತರುತ್ತಿರಲಿಲ್ಲ. ಸತ್ತ ಧಣಿಯ ಕೆಮ್ಮು ಮೆಟ್ಟಿಲ ಮೇಲೆ ಕೇಳಿಸಿತು ಎಂದು ಒಬ್ಬ; ಗುದಾಮಿನ ಅಟ್ಟದಲ್ಲಿ ಯಾರೋ ನಡೆದಾಡಿದರು ಎಂದು ಇನ್ನೊಬ್ಬ. ಬೊಳ್ಳದಲ್ಲಿ, ಅಂದರೆ ನೆರೆಯಲ್ಲಿ, ಹೋದವರು ಹೊಳೆ ಬಿಟ್ಟು ಹೋಗುವುದಿಲ್ಲ ಎಂದು ಮುದುಕಿಯರು ಮೊದಲಿನಿಂದಲೂ ಹೇಳುವುದುಂಟು. ಊರಿನ ಬಾಯಿಗೆ ಒಂದು ಹೊಸ ಕುಲೆ, ಒಂದು ಹೊಸ ಪ್ರೇತ ಸಿಕ್ಕಿತ್ತು, ಅಷ್ಟೆ.

"ಹೆದರ್ಬೇಡ. ಅದು ರಾಜಮತಿ ಅಮ್ಮ" ಎಂದಳು ವಾರಿಜಾಕ್ಷಿ. ಶಾಂತಿರಾಜರ ಹೆಂಡತಿ.

ರಾಜಮತಿ ಹೊಳೆಯಿಂದ ತಂಬಿಗೆಯಲ್ಲಿ ನೀರೆತ್ತಿ, ದಪ್ಪ ಬಟ್ಟೆ ಕಟ್ಟಿದ ಕೊಡಪಾನದ ಬಾಯಿಗೆ ನಿಧಾನವಾಗಿ ಸುರಿಯುತ್ತಿದ್ದರು. ತುಂಬಿದ ಮೇಲೆ ಬಟ್ಟೆ ಬಿಚ್ಚಿ, ಮಗುಚಿ ಹಿಡಿದು, ಸೋಸಿದ ನೀರನ್ನೇ ಅದರ ಮೇಲೆ ಹನಿಹನಿಯಾಗಿ ಬಿಟ್ಟು, ಬಾಗಿ ಹೊಳೆಗೆ ತಾಗಿಸಿ ತೊಳೆದರು. ಒಂದು ಹನಿಯೂ ಕಲ್ಲಿಗೆ ಬೀಳಲಿಲ್ಲ.

"ಅದು ಜೈನರ ಕ್ರಮ" ನಸೀಬಾ ಉಸಿರು ಬಿಟ್ಟಳು. "ನೀರು ಸೋಸಿದ್ರೆ ಬಟ್ಟೆಯಲ್ಲಿ ಉಳಿದ ಜೀವಗಳು ಸಾಯ್ಬಾರ್ದಲ್ಲ. ಎಲ್ಲಿಂದ ಎತ್ತಿದ್ರೋ ಅಲ್ಲಿಗೇ ಬಿಡ್ಬೇಕು. ಬಾವಿಯದ್ದು ಬಾವಿಗೆ, ಹೊಳೆಯದ್ದು ಹೊಳೆಗೆ. ಅಮ್ಮ ಮೊದಲಿಂದಲೂ ಹಾಗೆಯೇ."

"ಮನೆಯಲ್ಲಿ ಬಾವಿ ಇಲ್ವಾ?"

"ಉಂಟಲ್ಲ, ಅಂಗಳದಲ್ಲೇ. ಅಮ್ಮ ಕುಡಿಯುವುದು ಬಾವಿದೇ. ಹೊಳೆ ನೀರು ಧಣಿಗೆ ಮಾತ್ರ. ಎಪ್ಪತ್ತನಾಲ್ಕರ ಬೊಳ್ಳದಲ್ಲಿ ಸಣ್ಣ ಹುಡುಗನಾಗಿದ್ದಾಗ ಬದುಕಿ ಉಳಿದ್ರಲ್ಲ, ಅಂದಿನಿಂದ ಅವರು ಬೇರೆ ನೀರು ಬಾಯಿಗೆ ಹಾಕ್ಲಿಲ್ಲ. ಮದುವೆ ಮನೆಗೆ ಹೋದ್ರೂ ಕ್ಯಾನು ಹೊತ್ತುಕೊಂಡೇ ಹೋಗ್ತಿದ್ರು. ಎಲ್ರೂ ನಗ್ತಿದ್ರು."

ಹೇಳುತ್ತ ಹೇಳುತ್ತ ನಸೀಬಾಗೆ ತಾನು ಏನು ಹೇಳಿದೆ ಎಂಬುದು ಹೊಳೆಯಲಿಲ್ಲ. ವಾರಿಜಾಕ್ಷಿಗೆ ಹೊಳೆಯಿತು.

ಆ ನೀರು ಕುಡಿಯುವವನು ಸತ್ತು ಎರಡು ತಿಂಗಳು. ಹಾಗಾದರೆ ಇವತ್ತು ಸೋಸಿದ್ದು ಯಾರಿಗೆ?

"ಸತ್ತವರ ಹೆಸರಲ್ಲಿ ಇಡುವುದಕ್ಕೆ ಇರಬಹುದಾ?" ಎಂದು ಅವಳು ತನಗೇ ಹೇಳಿಕೊಂಡಳು, ಮರುಕ್ಷಣ ತಾನೇ ತಲೆಯಾಡಿಸಿದಳು. ಪಿಂಡ, ತರ್ಪಣ ಜೈನರಲ್ಲಿ ಇಲ್ಲ. ಹೋದ ಜೀವ ಹೋಯಿತು, ಅದಕ್ಕೆ ನೀರೂ ಬೇಡ, ಅನ್ನವೂ ಬೇಡ ಎನ್ನುವವರು. ಅವರಿಗೆ ಸತ್ತವರು ಬಾಯಾರುವುದಿಲ್ಲ. ಬಾಯಾರುವುದು ಬದುಕಿರುವವರಿಗೆ.

ಅಷ್ಟರಲ್ಲಿ ದೋಣಿ ತೇಲಿ ಮಂಜಿನಿಂದ ಹೊರಗೆ ಬಂದಿತ್ತು. ರಾಜಮತಿ ತಲೆಯೆತ್ತಿದರು. ನಸೀಬಾಳನ್ನು ನೋಡಿದರು, ಅವಳ ಹಿಂದೆ ಕೂತವಳನ್ನು ನೋಡಿದರು. ಕೊಡಪಾನ ಸೊಂಟಕ್ಕೇರಿಸಿ ಮೆಟ್ಟಿಲು ಹತ್ತಿ ಹೋದರು. ಬಾಗಿಲು ಹಾಕಿದ ಸದ್ದು ನೀರಿನವರೆಗೆ ಕೇಳಿಸಿತು.

"ಎಂತ ಅಕ್ಕ? ಎಂತಾದ್ರೂ ಸಿಕ್ಕಿತಾ?"

ನಸೀಬಾಳ ಕಣ್ಣಿನಲ್ಲಿದ್ದ ಆಸೆಯನ್ನು ನೋಡಿ ವಾರಿಜಾಕ್ಷಿ ಮುಖ ತಿರುಗಿಸಿದಳು. ಧಣಿ ಬದುಕಿರಬಹುದು ಎಂದು ಹೇಳಿ, ಅದು ಸುಳ್ಳಾದರೆ, ಈ ಹುಡುಗಿ ಎರಡನೆಯ ಸಲ ಎದ್ದು ನಿಲ್ಲಲಾರಳು. ಬೇಡ. ಕೈಗೆ ಬಂದ ಮೇಲೆ ಹೇಳಿದರಾಯಿತು.

"ಏನಿಲ್ಲ. ನನ್ನನ್ನು ಪೇಟೆಯ ಹತ್ತಿರ ಇಳಿಸು, ನೀನು ಮನೆಗೆ ಹೋಗು."

ಆ ಒಂದು ಮಾತನ್ನು ನುಂಗಿಕೊಂಡದ್ದಕ್ಕಾಗಿ ವಾರಿಜಾಕ್ಷಿ ಮುಂದೆ ತನ್ನನ್ನೇ ಎಷ್ಟು ಬೈದುಕೊಂಡಳೋ ಲೆಕ್ಕವಿಲ್ಲ.

ಪೇಟೆಯ ಹೋಟೆಲಿನ ಬಾಗಿಲ ಬಳಿಯ ಮೇಜಿನಲ್ಲಿ ಕೂತು ಅವಳು ಬನ್ಸ್ ಮುರಿದಳು, ತಿನ್ನಲಿಲ್ಲ. ಅಲ್ಲಿಂದ ಶಾಂತಿರಾಜರ ಮನೆಯ ಮುಂಬಾಗಿಲು ಕಾಣುತ್ತಿತ್ತು.

ಇಷ್ಟು ದಿನ ಅವಳು ಓಡಿದ್ದೆಲ್ಲ ಕೊಂದವನು ಯಾರು ಎಂಬ ಪ್ರಶ್ನೆಯ ಹಿಂದೆ. ಬೆಳ್ತಂಗಡಿಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ, ಶಾಂತಿರಾಜರ ಅಣ್ಣನ ಮಗ ಶಶಿರಾಜ್ ಮೇಲೆ ಅವಳಿಗೆ ಅನುಮಾನವಿತ್ತು. ಗುದಾಮು ಕೆಡವಿ ಹೊಳೆಗೆ ಮುಖ ಮಾಡಿದ ಲಾಡ್ಜು ಕಟ್ಟುವ ಆಸೆ ಅವನಿಗೆ. ಶಾಂತಿರಾಜರು ಮೇಲಿಂದ ಮೇಲೆ ದೂರು ಕೊಟ್ಟು ಮರಳು ದಂಧೆಯವರ ಹೊಟ್ಟೆಯ ಮೇಲೆ ಹೊಡೆದದ್ದೂ ಇತ್ತು. ಆದರೆ ಶಶಿರಾಜ್ ಆ ದಿನ ಧರ್ಮಸ್ಥಳದಲ್ಲಿ ನೆಂಟರ ಜೊತೆಗಿದ್ದ. ಮರಳಿನವರ ದೋಣಿಗಳು ತುಂಬಿದ ಹೊಳೆಗೆ ಇಳಿದೇ ಇರಲಿಲ್ಲ. ಬಾಗಿಲು ಬಾಗಿಲಿಗೂ ಹೋಗಿ ಬರಿಗೈಯಲ್ಲಿ ಬಂದಿದ್ದಳು. ಸತ್ತವನು ಯಾರು ಎಂದು ಮಾತ್ರ ಅವಳು ಕೇಳಿರಲಿಲ್ಲ. ಹೆಂಡತಿಯೇ ನೋಡಿ ಹೌದು ಎಂದ ಮೇಲೆ ಯಾರು ತಾನೇ ಕೇಳುತ್ತಾರೆ?

ಬಾಗಿಲು ತೆರೆಯಿತು. ರಾಜಮತಿ ಹೊರಗೆ ಬಂದರು. ಕೈಯಲ್ಲಿ ಟವೆಲ್ ಸುತ್ತಿದ ಸ್ಟೀಲಿನ ಕ್ಯಾನು.

ಗಂಡ ಹೋದ ಮೇಲೆ ರಾಜಮತಿ ಅಮ್ಮ ದಿನಾ ಮೂಡಬಿದ್ರೆಗೆ ಬಸದಿ ದರ್ಶನಕ್ಕೆ ಹೋಗುತ್ತಾರೆ ಎಂದು ಪೇಟೆಯವರು ಕನಿಕರದಿಂದ ಹೇಳುತ್ತಿದ್ದರು. ಇಲ್ಲೇ ಬಸದಿ ಇರುವಾಗ ಅಷ್ಟು ದೂರ ಯಾಕೆ ಎಂದು ಯಾರಿಗೂ ಅನಿಸಿರಲಿಲ್ಲ. ದುಃಖ ಇದ್ದವರನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ, ಅದು ನಮ್ಮ ಕಡೆಯವರ ಒಳ್ಳೆಯತನ. ಕಳ್ಳರಿಗೆ ಅದರಿಂದ ಅನುಕೂಲ.

ಮೂಡಬಿದ್ರೆ ಬಸ್ಸು ಬಂತು. ರಾಜಮತಿ ಕಿಟಕಿಯ ಪಕ್ಕ ಕೂತರು. ವಾರಿಜಾಕ್ಷಿ ಅವರ ಪಕ್ಕದಲ್ಲೇ ಕೂತಳು.

ದೋಣಿಯಲ್ಲಿದ್ದವಳ ಗುರುತು ಸಿಕ್ಕಿತು. ರಾಜಮತಿಯವರ ಎರಡೂ ಕೈ ಕ್ಯಾನಿನ ಮುಚ್ಚಳದ ಮೇಲೆ ಹೋದವು.

"ನಮಸ್ಕಾರ ಅಮ್ಮ. ಸೆಕೆ ಅಲ್ವಾ? ಒಂದು ಗುಟುಕು ನೀರು ಸಿಗಬಹುದಾ?"

"ಇದು..." ಅವರು ತಡವರಿಸಿದರು. "ಇದು ನನಗೆ ಇಟ್ಟುಕೊಂಡದ್ದು."

"ನೀವು ಬಾವಿ ನೀರಿನವರಲ್ವಾ? ಇದು ಹೊಳೆಯದ್ದು. ಬೆಳಿಗ್ಗೆ ನೋಡಿದೆ."

ಬಸ್ಸು ಪೇಟೆ ದಾಟಿತು. ಕಂಡಕ್ಟರ್ ಬಂದು ಟಿಕೆಟು ಹರಿದು ಹೋದ. ಅಷ್ಟು ಹೊತ್ತಿನಲ್ಲಿ ರಾಜಮತಿ ಉತ್ತರ ಹುಡುಕಿಕೊಂಡಿದ್ದರು.

"ಅವರ ನೆನಪಿಗೆ ಅಂತ ಈಗ ನಾನೂ ಹೊಳೆ ನೀರೇ ಕುಡಿಯುವುದು. ತಪ್ಪುಂಟಾ?"

"ತಪ್ಪೆಂತದ್ದು ಅಮ್ಮ? ಹಾಗಾದ್ರೆ ನನ್ನ ಎದುರು ಒಂದು ಗುಟುಕು ಕುಡಿಯಿರಿ. ನಾನು ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗ್ತೇನೆ. ಮತ್ತೆ ನಿಮ್ಮ ಮುಖ ನೋಡುವುದಿಲ್ಲ."

ರಾಜಮತಿ ಅವಳನ್ನೇ ದಿಟ್ಟಿಸಿ ನೋಡಿದರು. ಮುಚ್ಚಳ ತಿರುಗಿಸಿದರು. ಕುದಿಸಿದ ನೀರಿನ ಬಿಸಿ ಇನ್ನೂ ಆರಿರಲಿಲ್ಲ, ಸಣ್ಣಗೆ ಹಬೆ ಬಂತು. ಕ್ಯಾನನ್ನು ತುಟಿಯವರೆಗೆ ಎತ್ತಿದರು.

ಅಲ್ಲೇ ನಿಂತಿತು ಕೈ.

ಕ್ಯಾನು ಕೆಳಗಿಳಿಯಿತು. ಮುಚ್ಚಳ ಹಾಕಿ ಬಿಗಿ ಮಾಡಿ ಅವರು ಕಣ್ಣು ಮುಚ್ಚಿಕೊಂಡರು.

"ಇವತ್ತು ಚತುರ್ದಶಿ" ಎಂದರು. ಧ್ವನಿ ಅವರಿಗೇ ಕೇಳಿಸಿತೋ ಇಲ್ಲವೋ. "ಇವತ್ತು ನನಗೆ ನೀರೂ ಇಲ್ಲ."

ಬೇರೆ ಯಾರೇ ಆಗಿದ್ದರೂ ಒಂದು ಗುಟುಕು ಕುಡಿದು ಪಾರಾಗುತ್ತಿದ್ದರು. ಆಮೇಲೆ ದೇವರ ಮುಂದೆ ತಪ್ಪು ಕಾಣಿಕೆ ಇಟ್ಟರಾಯಿತು ಎನ್ನುತ್ತಿದ್ದರು. ಎರಡು ತಿಂಗಳು ಇಡೀ ಊರಿಗೆ ಸುಳ್ಳು ಹೇಳಿದ ಹೆಂಗಸು ಇವರು. ಆದರೆ ಹದಿನಾರನೆಯ ವಯಸ್ಸಿನಿಂದ ಹಿಡಿದು ಬಂದ ಉಪವಾಸವನ್ನು ಒಂದು ಗುಟುಕಿಗಾಗಿ ಬಿಡುವುದು ಅವರಿಂದ ಆಗಲಿಲ್ಲ. ವಾರಿಜಾಕ್ಷಿಗೆ ಅವರ ಮೇಲೆ ಇದ್ದಕ್ಕಿದ್ದಂತೆ ಗೌರವ ಬಂತು. ಅದನ್ನು ಬದಿಗಿಟ್ಟು ಕೇಳಬೇಕಾದದ್ದನ್ನು ಕೇಳಿದಳು.

"ಹಾಗಾದ್ರೆ ಇವತ್ತಿನ ನೀರು ಯಾರಿಗೆ ಅಮ್ಮ?"

ಕಿಟಕಿಯ ಹೊರಗೆ ಗುಡ್ಡಗಳು ತಿರುಗುತ್ತಿದ್ದವು. ರಾಜಮತಿ ಹೊರಗೆ ನೋಡುತ್ತಲೇ ಮಾತಾಡಿದರು.

"ನಾನು ಬೇಕು ಅಂತ ಸುಳ್ಳು ಹೇಳಿದ್ದಲ್ಲ. ಮೊದಲು ಅಲ್ಲ. ಅವತ್ತು ಹೆಣ ತೋರಿಸಿದಾಗ ನಿಜಕ್ಕೂ ಅವರೇ ಅಂತ ಕಂಡೆ. ಮುಖ ನೋಡುವ ಹಾಗಿರಲಿಲ್ಲ. ಅಂಗಿ ಅವರದ್ದು, ಬೆರಳಲ್ಲಿ ಉಂಗುರ ಅವರದ್ದು. ಬೊಬ್ಬೆ ಹೊಡೆದೆ, ಬಿದ್ದೆ, ಸುಟ್ಟು ಬಂದರು. ಸೂತಕ ಕಳೆಯುವ ಮೊದಲೇ ಒಂದು ಸಂಜೆ, ದೀಪ ಹಚ್ಚುವ ಹೊತ್ತು, ದಕ್ಕೆಯ ಬಾಗಿಲಲ್ಲಿ ಕೆಮ್ಮು. 'ರಾಜೂ' ಅಂತ ಕರೆದರು."

"ನೀವೇನು ಮಾಡಿದಿರಿ?"

"ಹೋಗಿ ಕಾಲು ಮುಟ್ಟಿ ನೋಡಿದೆ. ಒದ್ದೆಯಾಗಿತ್ತು. ಬೆಚ್ಚಗಿತ್ತು." ಅವರ ಕಣ್ಣಿನಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ. "ಸುಟ್ಟು ಬಂದ ಗಂಡ ಬಾಗಿಲಲ್ಲಿ ನಿಂತರೆ ಪ್ರಶ್ನೆ ಕೇಳ್ಲಿಕ್ಕೆ ಆಗ್ತದಾ ಮಗಾ? ಏನು ಹೇಳಿದ್ರೂ ಹೂಂ ಅಂದೆ."

"ಏನು ಹೇಳಿದ್ರು?"

"'ಮರಳಿನವರು ನನ್ನನ್ನು ಕೊಲ್ಲಲು ಬಂದು ಯಾರನ್ನೋ ಕೊಂದಿದ್ದಾರೆ. ನಾನು ಸತ್ತೆ ಅಂತಲೇ ಇರಲಿ, ಎಲ್ಲ ತಣ್ಣಗಾದ ಮೇಲೆ ಹೊರಗೆ ಬರ್ತೇನೆ' ಅಂದರು. ಕೆಲವು ದಿನ ಅಟ್ಟದಲ್ಲೇ ಇದ್ದರು. ಅಕ್ಕಪಕ್ಕದವರಿಗೆ ಸದ್ದು ಕೇಳಿತು ಅಂತ ಮೂಡಬಿದ್ರೆಗೆ ಕಳಿಸಿದೆ. ಅಲ್ಲಿ ನನ್ನ ತವರಿನ ಒಂದು ಮನೆ ಖಾಲಿ ಉಂಟು."

"ರಹಿಮಾನಿನ ವಿಷಯ?"

ಅವರು ಕ್ಯಾನಿನ ಮುಚ್ಚಳವನ್ನು ಇನ್ನೊಮ್ಮೆ ಬಿಗಿ ಮಾಡಿದರು.

"ಅಮ್ಮ, ಅವನು ರಕ್ತ ಕಾರ್ತಾ ಇದ್ದಾನೆ. ಅದು ಗೊತ್ತುಂಟಾ ನಿಮಗೆ?"

"ಬಿಡಿಸ್ತೇನೆ, ವಕೀಲರ ಹತ್ತಿರ ಮಾತಾಡ್ತಾ ಇದ್ದೇನೆ ಅಂತ ಅವರು ಹೇಳಿದ್ದು. ಇವತ್ತು, ನಾಳೆ..."

ವಾರಿಜಾಕ್ಷಿಗೆ ಸಿಟ್ಟು ನೆತ್ತಿಗೇರಿತು. ಬಸ್ಸಿನಲ್ಲಿ ಜನ ಇದ್ದಾರೆಂದು ಹಲ್ಲು ಕಚ್ಚಿ ದನಿ ತಗ್ಗಿಸಿದಳು.

"ಬೊಳ್ಳದಲ್ಲಿ ನಿಮ್ಮ ಯಜಮಾನರನ್ನು ಮನೆಯ ಮಾಡಿನ ಮೇಲಿಂದ ಇಳಿಸಿ ದೋಣಿಗೆ ಹಾಕಿದ್ದು ಯಾರು? ಹೊಳೆಯಾ? ರಹಿಮಾನಿನ ಅಪ್ಪ ಅಲ್ವಾ? ಐವತ್ತು ವರ್ಷ ಹೊಳೆಗೆ ಋಣ ತೀರಿಸಿದಿರಿ. ಬಟ್ಟೆಯಲ್ಲಿ ಸಿಕ್ಕಿದ ಹುಳವನ್ನೂ ಅದರ ಮನೆಗೆ ಬಿಟ್ಟು ಬರ್ತೀರಿ. ಆ ದೋಣಿಯವನ ಮಗ ಯಾರ ಮನೆಗೆ ಹೋಗ್ಬೇಕು?"

ರಾಜಮತಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹಿಂದಿನ ಸೀಟಿನ ಹೆಂಗಸು ಬಗ್ಗಿ ನೋಡಿದಳು. ಬಸ್ಸು ಸಿದ್ಧಕಟ್ಟೆಯಲ್ಲಿ ನಿಂತು ಹೊರಟಿತು. ಎದುರಿನಿಂದ ಬಂದ ಕಾರೊಂದು ಬಸ್ಸನ್ನು ಸವರಿಕೊಂಡೇ ಬಂಟ್ವಾಳದ ಕಡೆಗೆ ಹೋಯಿತು. ಡ್ರೈವರ್ ಕಿಟಕಿಯಿಂದ ತಲೆ ಹಾಕಿ ಬೈದ.

"ನಾಳೆ ಕೋರ್ಟಿಗೆ ಬರ್ತೇನೆ" ಎಂದರು ರಾಜಮತಿ ಕೊನೆಗೆ. "ಹೆಣ ಅವರದ್ದಲ್ಲ ಅಂತ ಹೇಳ್ತೇನೆ. ಅವರು ಬೇಡ ಅಂದರೂ ಹೇಳ್ತೇನೆ. ಸಾಕಾಗಿದೆ ನನಗೆ. ನಿದ್ರೆ ಇಲ್ಲ. ಕಣ್ಣು ಮುಚ್ಚಿದ್ರೆ ಸುಟ್ಟ ಹೆಣ ಬಂದು, ನಾನು ಯಾರಮ್ಮಾ ಅಂತ ಕೇಳ್ತದೆ."

ವಾರಿಜಾಕ್ಷಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಒಂದೇ ಮಾತು ಸಾಕು. ಶಾಂತಿರಾಜರು ಬದುಕಿದ್ದಾರೆ ಎಂದಾದರೆ ರಹಿಮಾನ್ ಹೊರಗೆ ಬರಲೇಬೇಕು. ನಸೀಬಾಗೆ ಈಗಲೇ ಹೇಳಬೇಕೆನಿಸಿ ಫೋನು ಕೈಗೆತ್ತಿಕೊಂಡಳು.

ಆದರೆ ಪೊಲೀಸು ಬುದ್ಧಿ ಅಷ್ಟು ಸುಲಭವಾಗಿ ಸುಮ್ಮನಿರುವುದಿಲ್ಲ.

"ಅಮ್ಮ, ಒಂದು ಕೇಳ್ತೇನೆ. ಮರಳಿನವರು ತಪ್ಪಿ ಬೇರೆ ಯಾರನ್ನೋ ಕೊಂದರು. ಸರಿ. ಅವನ ಮೈಮೇಲೆ ನಿಮ್ಮವರ ಅಂಗಿ ಹೇಗೆ ಬಂತು?"

"ಅದು..." ರಾಜಮತಿ ಮುಖ ತಿರುಗಿಸಿದರು. "ಕಿತ್ತುಕೊಂಡಿರಬಹುದು. ಹೆದರಿಸಿ..."

"ಉಂಗುರ?"

"ಅದೂ ಹಾಗೆಯೇ... ಕಿತ್ತು..."

ಅಲ್ಲಿಗೆ ಮಾತು ನಿಂತಿತು. ಅವರ ಬಲಗೈ ಎಡಗೈಯ ಬೆರಳನ್ನು ಹಿಡಿದು, ಇಲ್ಲದ ಉಂಗುರವೊಂದನ್ನು ತಿರುಗಿಸತೊಡಗಿತು.

"ಅದು ಬರುವುದಿಲ್ಲ" ಎಂದರು, ತಮಗೇ ಎಂಬಂತೆ. "ಮದುವೆಯಲ್ಲಿ ಹಾಕಿದ ಉಂಗುರ. ಬೆರಳು ದಪ್ಪ ಆಗಿ ಗೆಣ್ಣು ದಾಟುವುದಿಲ್ಲ. ಹೋದ ವರ್ಷ ಆಸ್ಪತ್ರೆಯಲ್ಲಿ ತೆಗೆಯಿರಿ ಅಂದಾಗ ನಾನೇ ಸಾಬೂನು ಹಚ್ಚಿ, ನೂಲು ಸುತ್ತಿ, ಇಡೀ ಬೆಳಿಗ್ಗೆ ಕೂತು... ಕಿತ್ತರೆ ಬೆರಳೇ ಕಿತ್ತು ಬರಬೇಕು. ಮನೆಗೆ ಬಂದಾಗ ಅವರ ಬೆರಳಿಗೆ ಏನೂ ಆಗಿರಲಿಲ್ಲ. ನಾನು ಕೈ ಹಿಡಿದಿದ್ದೇನೆ. ಒಂದು ಗೀರೂ ಇರಲಿಲ್ಲ."

ಯಾರೂ ಕಿತ್ತುಕೊಂಡ ಉಂಗುರವಲ್ಲ ಅದು. ಯಾರೋ ಸಾಬೂನು ಹಚ್ಚಿ, ಅವಸರವಿಲ್ಲದೆ, ತನ್ನ ಬೆರಳಿನಿಂದ ತಾನೇ ಬಿಡಿಸಿ, ಸತ್ತವನ ಬೆರಳಿಗೆ ತೊಡಿಸಿದ್ದು.

ಮಡಿಲಲ್ಲಿದ್ದ ಕ್ಯಾನನ್ನು ರಾಜಮತಿ ಸೀಟಿನ ಮೇಲೆ, ತಮ್ಮಿಂದ ಆದಷ್ಟು ದೂರ ಸರಿಸಿದರು.

"ಆ ದಿನಗಳಲ್ಲಿ ಮನೆಗೆ ಯಾರಾದ್ರೂ ಬಂದಿದ್ರಾ ಅಮ್ಮ? ಅವರದ್ದೇ ವಯಸ್ಸು, ಅವರದ್ದೇ ಎತ್ತರ?"

"ಶಿವಕೃಷ್ಣ ಮಾಸ್ಟ್ರು" ಎಂದರು ರಾಜಮತಿ. "ಮಂಗಳೂರಿನವರು. ಕಾಲೇಜಿನಲ್ಲಿ ಚರಿತ್ರೆ ಹೇಳ್ತಿದ್ದವರು, ಒಬ್ಬರೇ ಇರುವವರು. ಹೊಳೆಯಿಂದ ಮಂಗಳೂರು ಬೆಳೆದ ಕಥೆ ಇಬ್ಬರೂ ಸೇರಿ ಬರೆಯುವುದು ಅಂತ ಇತ್ತು. ಕೊನೆಯ ದಿನ ಇಬ್ಬರಿಗೂ ಜೋರು ಮಾತಾಯಿತು. ಬೊಳ್ಳದ ವಿಷಯ. 'ಅವತ್ತು ನಿಮ್ಮ ಮನೆಯ ದೋಣಿಯಲ್ಲಿ ಮಂಗಳೂರಿಗೆ ಹೋಗುವ ಅಕ್ಕಿ ತುಂಬಿತ್ತು, ಮೂಟೆ ಇಳಿಸಿ ಜನರನ್ನು ಹತ್ತಿಸಲಿಲ್ಲ ನಿಮ್ಮಪ್ಪ, ಅದನ್ನೂ ಬರೆಯಬೇಕು' ಅಂದರು ಮಾಸ್ಟ್ರು. ಇವರ ಮುಖ ನೋಡ್ಲಿಕ್ಕೆ ಆಗ್ಲಿಲ್ಲ. ಮಾಸ್ಟ್ರು ಆಚೆ ದಡದಿಂದ ಬಸ್ಸು ಹಿಡಿತೇನೆ ಅಂತ ಮುಂಚೆಯೇ ಸೇತುವೆ ದಾರಿಯಲ್ಲಿ ನಡೆದು ಹೋದರು. ಇವರು ಸಂಜೆ ರಹಿಮಾನಿನ ದೋಣಿ ಹತ್ತಿದರು."

"ಮಾಸ್ಟ್ರು ಆಮೇಲೆ ಫೋನ್ ಮಾಡಿದ್ರಾ?"

"ಇಲ್ಲ. ಗಂಡ ಸತ್ತದ್ದಕ್ಕೂ ಒಂದು ಮಾತು ಕೇಳ್ಲಿಕ್ಕೆ ಬರ್ಲಿಲ್ಲ ಅಂತ ನಾನು ಬೇಜಾರು ಮಾಡಿಕೊಂಡಿದ್ದೆ." ರಾಜಮತಿ ಬಿಕ್ಕಿದರು. "ಪಾಪ, ಅವರನ್ನೇ ನಾನು ನನ್ನ ಗಂಡ ಅಂತ ಸುಟ್ಟದ್ದಾ?"

ವಾರಿಜಾಕ್ಷಿ ಅವರ ಕೈ ಹಿಡಿದುಕೊಂಡಳು. ಹಿಡಿದುಕೊಂಡಾಗಲೇ ಅವಳಿಗೆ ಇನ್ನೊಂದು ಯೋಚನೆ ಬಂತು.

"ಅಮ್ಮ, ಬೆಳಿಗ್ಗೆ ದೋಣಿಯಲ್ಲಿ ನಮ್ಮನ್ನು ನೋಡಿದ್ದು ಅವರಿಗೆ ಹೇಳಿದಿರಾ?"

"ಹೇಳಿದೆ. ಮೇಲೆ ಬಂದ ಕೂಡಲೇ ಫೋನ್ ಮಾಡಿದೆ. ಹೆದರಿಕೆ ಆಯಿತು ನನಗೆ. ನೀರು ಸೋಸುವುದನ್ನು ನಸೀಬಾ ನೋಡಿದಳು, ಜೊತೆಗೆ ಇನ್ನೊಬ್ಬಳು ಇದ್ದಳು ಅಂದೆ."

"ಏನಂದ್ರು?"

"ಏನೂ ಅನ್ನಲಿಲ್ಲ. ನಸೀಬಾ ಈಗ ಒಬ್ಬಳೇ ದೋಣಿ ಬಿಡುವುದಾ ಅಂತ ಕೇಳಿದರು. ಹೌದು ಅಂದೆ."

ವಾರಿಜಾಕ್ಷಿ ನಸೀಬಾಳ ನಂಬರು ಒತ್ತಿದಳು. ರಿಂಗಾಯಿತು, ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಮತ್ತೆ ಒತ್ತಿದಳು. ಮೂಡಬಿದ್ರೆಯ ಮೊದಲ ಮನೆಗಳು ಕಾಣಿಸುತ್ತಿದ್ದವು. ಬಸ್ಸು ನಿಲ್ಲಿಸಲು ಹೇಳೋಣವೆಂದು ಎದ್ದು ನಿಂತಳು.

ಆಗ ರಾಜಮತಿಯವರ ಫೋನು ಹೊಡೆದುಕೊಂಡಿತು.

ಇಬ್ಬರೂ ಪರದೆ ನೋಡಿದರು. ವಾರಿಜಾಕ್ಷಿ ಕೈಸನ್ನೆ ಮಾಡಿದಳು. ರಾಜಮತಿ ಸ್ಪೀಕರ್ ಒತ್ತಿ ಫೋನನ್ನು ಇಬ್ಬರ ನಡುವೆ ಹಿಡಿದರು.

"ರಾಜೂ" ಎಂದಿತು ಮೆತ್ತಗಿನ, ತಾಳ್ಮೆಯ ಧ್ವನಿ. "ಇವತ್ತು ನೀರು ಬೇಡ. ನಾನು ಹೊಳೆಯಲ್ಲೇ ಇದ್ದೇನೆ."

ಆ ಧ್ವನಿಯ ಹಿಂದೆ ನೀರಿನ ಸದ್ದು ಕೇಳುತ್ತಿತ್ತು. ನೀರಿನ ಸದ್ದಿನ ಜೊತೆಗೆ ಒಂದು ನಗು. ಎರಡು ತಿಂಗಳಲ್ಲಿ ವಾರಿಜಾಕ್ಷಿ ಒಮ್ಮೆಯೂ ಕೇಳಿರದ ನಗು.

"ಅಮ್ಮನಾ ಧಣಿ? ಅಮ್ಮನಿಗೆ ಹೇಳಿ, ನಾನೇ ನಿಮ್ಮನ್ನು ಮನೆಗೆ ಮುಟ್ಟಿಸ್ತೇನೆ ಅಂತ! ಅಲ್ಲಾ, ನೀವು ಬದುಕಿದ್ದೀರಿ! ಬಾಪ ನಾಳೆಯೇ ಬರ್ತಾರೆ ಅಲ್ವಾ ಧಣಿ? ನಾಳೆಯೇ ಬರ್ತಾರಲ್ವಾ?"

"ಬರ್ತಾನೆ ಮಗಳೇ, ಯಾಕೆ ಬರುವುದಿಲ್ಲ?" ಎಂದರು ಶಾಂತಿರಾಜರು. "ದೋಣಿಯನ್ನು ಸ್ವಲ್ಪ ನಡು ಹೊಳೆಗೆ ಬಿಡು."